ಸನ್ನಿ ಸೈಡ್ ಮನೆಯ ಮಗ

ಮಡಿಕೇರಿಯ ‘ಸನ್ನಿ ಸೈಡ್’ ಬಂಗಲೆಯಲ್ಲಿ ಬಹಳ ವರ್ಷ ಆರ್‌ಟಿಒ ಕಚೇರಿ ಇತ್ತು. ಲೈಸೆನ್ಸ್ ಮಾಡಿಸಲು, ಗಾಡಿ ನೋಂದಾಯಿಸಲು ಕೊಡಗಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಿದ್ದರು. ತಾವು ಸರದಿಯಲ್ಲಿ ನಿಂತದ್ದು ಯಾರ ಮನೆಯಲ್ಲಿ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಾರದು. ಈಗ ಅದು ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಅಂಗಳದಲ್ಲಿ ಟ್ಯಾಂಕ್ ಇದೆ, ಯುದ್ಧವಿಮಾನ ಇದೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಮೊದಲು ಓಡುವುದು ಅಲ್ಲಿಗೇ.

ಆದರೆ ಅದು ಮೊದಲು ಮನೆ. ಕಾಫಿ ತೋಟಗಳಿದ್ದ ಕೊಡಂದೇರ ಕುಟುಂಬದ ಮಕ್ಕಳು ಆಡಿ ಬೆಳೆದ ಮನೆ. 1906ರ ಮಾರ್ಚ್ 31ರಂದು ಹುಟ್ಟಿದ ಸುಬ್ಬಯ್ಯ ತಿಮ್ಮಯ್ಯನನ್ನು ಮನೆಮಂದಿ ‘ದುಬ್ಬು’ ಎಂದು ಕರೆಯುತ್ತಿದ್ದರು. ಮುಂದೆ ಸೇನೆಯಲ್ಲಿ ಎಲ್ಲರ ಬಾಯಲ್ಲೂ ‘ಟಿಮ್ಮಿ’. ಜೊಜಿ ಲಾ ಕಣಿವೆಯನ್ನು ಗೆದ್ದ ಸೇನಾನಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರನ್ನು ವಿರೋಧಿಸಿ ರಾಜೀನಾಮೆ ಬರೆದುಕೊಟ್ಟ ಸೇನಾ ಮುಖ್ಯಸ್ಥ ಎಂದು ಅವರನ್ನು ನೆನೆಯುವವರು ಬಹಳ ಮಂದಿ. ಮಗನಾಗಿ, ತಮ್ಮನಾಗಿ, ಅಣ್ಣನಾಗಿ, ಗಂಡನಾಗಿ ಅವರನ್ನು ನೆನೆಯುವುದು ಕಡಿಮೆ. ನನಗೋ, ಮನೆಯ ಕಡೆಯಿಂದ ನೋಡಿದಾಗಲೇ ಆ ಸೇನಾನಿ ಪೂರ್ತಿ ಕಾಣಿಸುತ್ತಾರೆ. ಜವಾನರನ್ನು ಅವರು ನಡೆಸಿದ ರೀತಿಗೆ ಬೇಕಾದ ತಿಳಿವಳಿಕೆ ಈ ಮನೆಯಿಂದ ಬಂದದ್ದು.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಪದ್ಧತಿ. ಹರಳು ಗಿಡದ ಕಡ್ಡಿ ಬಾಗಿಸಿ, ಪುಟ್ಟ ಬಿಲ್ಲು ಕಟ್ಟಿ, ಕೂಸಿನ ಕೈಗೆ ಮುಟ್ಟಿಸುತ್ತಾರೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿ, ಒಡಿಕತ್ತಿಗಳನ್ನೆಲ್ಲ ಒರೆಸಿ, ಕೋವಿಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಸಾವಾದಾಗ ಎರಡು ಗುಂಡು. ಆ ಸದ್ದು ಕೇಳಿದ ನೆರೆಯ ಊರಿನವರು ಕೆಲಸ ಬಿಟ್ಟು ಸಾವಿನ ಮನೆಗೆ ಬರುತ್ತಾರೆ. ಕೋವಿ ಅಲ್ಲಿ ಹುಟ್ಟು, ಹಬ್ಬ, ಸಾವು ಮೂರರ ಜೊತೆಗೂ ಬೆಸೆದುಕೊಂಡ ವಸ್ತು. ಇಂಥ ನೆಲದಲ್ಲಿ ಹುಡುಗನೊಬ್ಬ ಮಿಲಿಟರಿಗೆ ಹೋಗುತ್ತೇನೆ ಎಂದರೆ ಮನೆಯವರು ಬೆಚ್ಚಿಬೀಳುವುದಿಲ್ಲ. ಆದರೂ ತಿಮ್ಮಯ್ಯನವರ ತಾಯಿಯನ್ನು ನೆನೆದರೆ ನನಗೆ ಕೈಮುಗಿಯಬೇಕು ಅನಿಸುತ್ತದೆ. ಸೀತಮ್ಮ ತಮ್ಮ ಮೂವರು ಗಂಡುಮಕ್ಕಳನ್ನೂ ಸೇನೆಗೆ ಕಳಿಸಿದರು. ಓದಿದ ಹೆಣ್ಣುಮಗಳು, ಸಾರ್ವಜನಿಕ ಸೇವೆಗಾಗಿ ಆ ಕಾಲದ ‘ಕೈಸರ್-ಎ-ಹಿಂದ್’ ಪದಕ ಪಡೆದವರು.

ಎಂಟು ವರ್ಷದ ದುಬ್ಬುವನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಸೇರಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಅಲ್ಲಿಂದ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾಗಿ ಹೊರಬಂದಾಗ ವಯಸ್ಸು ಇಪ್ಪತ್ತು ತುಂಬಿರಲಿಲ್ಲ. ಬ್ರಿಟಿಷರ ಸಮವಸ್ತ್ರ ತೊಟ್ಟ ಭಾರತೀಯ ತರುಣನಿಗೆ ಆ ದಿನಗಳಲ್ಲಿ ಎರಡೂ ಕಡೆಯ ಇರಿಸುಮುರಿಸು. ಕ್ಲಬ್ಬಿನೊಳಗೆ ಬಿಳಿಯರ ತಾತ್ಸಾರ, ಬೀದಿಯಲ್ಲಿ ಸ್ವಂತ ಜನರ ಪ್ರಶ್ನೆ. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯ ಮತ್ತು ಗೆಳೆಯರು ಕೆಲಸ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಬರುವುದು ಸರಿಯೇ ಎಂದು ಮೋತಿಲಾಲ್ ನೆಹರೂ ಅವರನ್ನು ಕೇಳಿದರಂತೆ. ಬಿಡಬೇಡಿ, ಸ್ವತಂತ್ರ ದೇಶಕ್ಕೂ ಸೈನ್ಯ ಬೇಕಾಗುತ್ತದೆ, ಆಗ ಕೆಲಸ ಬಲ್ಲ ನಮ್ಮವರು ಇರಬೇಕು ಎಂಬ ಅರ್ಥದ ಉತ್ತರ ಸಿಕ್ಕಿತು. ಅವರು ಬಿಡಲಿಲ್ಲ.

1935ರ ಜನವರಿಯಲ್ಲಿ ಮದುವೆ. ಹೆಂಡತಿ ನೀನಾ, ಕೊಡಗಿನವರೇ. ಹೊಸ ಜೋಡಿ ಸಂಸಾರ ಹೂಡಿದ್ದು ಇಂದಿನ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ. ಮೇ 31ರ ನಸುಕಿನಲ್ಲಿ, ಊರು ಇನ್ನೂ ನಿದ್ದೆಯಲ್ಲಿದ್ದಾಗ, ಭೂಮಿ ನಡುಗಿತು. ಕೆಲವೇ ಕ್ಷಣಗಳಲ್ಲಿ ಹತ್ತಾರು ಸಾವಿರ ಜನ ಮಣ್ಣಿನ ಗೋಡೆಗಳ ಕೆಳಗೆ ಸಿಕ್ಕಿ ಸತ್ತರು. ದಂಡು ಪ್ರದೇಶಕ್ಕೆ ಹೆಚ್ಚು ಹಾನಿಯಾಗಲಿಲ್ಲ; ಹಾಗಾಗಿ ನೆಲಸಮವಾದ ಪೇಟೆಯನ್ನು ಅಗೆದು ಬದುಕಿದವರನ್ನು ಹೊರಗೆಳೆಯುವ ಕೆಲಸ ಸೈನಿಕರ ಪಾಲಿಗೆ ಬಂತು. ಗಂಡನ ಹೆಗಲಿಗೆ ಹೆಗಲು ಕೊಟ್ಟು ನೀನಾ ಕೂಡ ಗಾಯಾಳುಗಳ ಸೇವೆಗಿಳಿದರು. ಮದುವೆಯಾಗಿ ಅರ್ಧ ವರ್ಷವೂ ಆಗಿರಲಿಲ್ಲ. ಆ ಸೇವೆಗಾಗಿ ಅವರಿಗೂ ‘ಕೈಸರ್-ಎ-ಹಿಂದ್’ ಪದಕ ಬಂತು. ಅತ್ತೆಗೂ ಸೊಸೆಗೂ, ಬೇರೆ ಬೇರೆ ಕಡೆ, ಬೇರೆ ಬೇರೆ ಕೆಲಸಕ್ಕೆ, ಒಂದೇ ಪದಕ. ತಿಮ್ಮಯ್ಯನವರ ಎದೆಯ ಮೇಲೆ ಮುಂದೆ ಸಾಲುಗಟ್ಟಿದ ಪದಕಗಳ ಬಗ್ಗೆ ಎಷ್ಟು ಬರೆದಿದ್ದೇವೋ, ಮನೆಯ ಹೆಂಗಸರ ಈ ಎರಡು ಪದಕಗಳ ಬಗ್ಗೆ ಅದರ ಹತ್ತರಲ್ಲಿ ಒಂದು ಪಾಲು ಬರೆದಿದ್ದರೂ ಸಾಕಿತ್ತು. ಮರುವರ್ಷ ಮಾರ್ಚಿನಲ್ಲಿ ಮಗಳು ಹುಟ್ಟಿದಳು. ಹೆಸರು ಮಿರೇಲ್.

ಎರಡನೇ ಮಹಾಯುದ್ಧ ಈ ಮನೆಯನ್ನು ಎರಡು ಕಡೆಗೆ ಎಳೆಯಿತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನಿಯರ ವಿರುದ್ಧ ಕಾದಾಡುತ್ತಿದ್ದ ಬ್ರಿಟಿಷ್ ಇಂಡಿಯಾ ಸೇನೆಯ ಪಟಾಲಂ ನಡೆಸುತ್ತಿದ್ದರು. ಒಂದೇ ತಾಯಿಯ ಮಕ್ಕಳು, ಎರಡು ಸೈನ್ಯ. ಸೀತಮ್ಮನ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಇಬ್ಬರಲ್ಲಿ ಯಾರನ್ನು ದೇಶಭಕ್ತ ಎನ್ನುವುದು, ಯಾರನ್ನು ಬಿಡುವುದು? ಆ ಕಾಲದ ಚರಿತ್ರೆಯನ್ನು ಒಂದೇ ಬಣ್ಣದಲ್ಲಿ ಬರೆಯುವವರು ಈ ಕುಟುಂಬದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪೊನ್ನಪ್ಪನೂ ತಪ್ಪು ಮಾಡಲಿಲ್ಲ, ತಿಮ್ಮಯ್ಯನೂ ತಪ್ಪು ಮಾಡಲಿಲ್ಲ ಎಂದೇ ನಾನು ನಂಬಿದ್ದೇನೆ. ಪರದೇಶಿಯ ಆಳ್ವಿಕೆಯಲ್ಲಿ ಯೋಧನಾಗಿ ಹುಟ್ಟಿದವನಿಗೆ ನೇರವಾದ ದಾರಿ ಎಂಬುದೇ ಇರಲಿಲ್ಲ. ಇಬ್ಬರೂ ತಮಗೆ ಕಂಡ ದಾರಿಯಲ್ಲಿ ಜೀವ ಪಣಕ್ಕಿಟ್ಟು ನಡೆದರು.

ಅರಾಕಾನಿನ ಒಂದು ಪ್ರಸಂಗವನ್ನು ಕುಮಾವ್ ರೆಜಿಮೆಂಟಿನವರು ಇಂದಿಗೂ ಹೇಳುತ್ತಾರೆ. ತಿಮ್ಮಯ್ಯನವರ ಪಟಾಲಮಿನಲ್ಲಿ ಸೋಮನಾಥ ಶರ್ಮಾ ಎಂಬ ಯುವ ಅಧಿಕಾರಿಯಿದ್ದರು. ಒಮ್ಮೆ ಹೊಡೆದಾಟದಿಂದ ಹಿಂದಿರುಗುವಾಗ ಶರ್ಮಾ ಗಾಯಾಳುವೊಬ್ಬನನ್ನು ಹೆಗಲ ಮೇಲೆ ಹೊತ್ತು ತಂಡದಿಂದ ಹಿಂದೆ ಬಿದ್ದರು. ಆತನನ್ನು ಅಲ್ಲೇ ಬಿಟ್ಟು ಬೇಗ ಬಾ ಎಂದು ಕಮಾಂಡರ್ ತಿಮ್ಮಯ್ಯ ಆಜ್ಞೆ ಮಾಡಿದರು. ಇವನು ನನ್ನ ಆರ್ಡರ್ಲಿ, ರಕ್ತ ಸುರಿಯುತ್ತಿದೆ, ಬಿಟ್ಟು ಬರಲಾರೆ ಎಂದರು ಶರ್ಮಾ. ಹೊತ್ತುಕೊಂಡೇ ಬಂದು ಬಹಾದೂರ್ ಎಂಬ ಆ ಆರ್ಡರ್ಲಿಯನ್ನು ಉಳಿಸಿದರು. ಆಜ್ಞೆ ಮೀರಿದ್ದಕ್ಕೆ ದಂಡನೆಯಾಗಲಿಲ್ಲ. ಯುದ್ಧವರದಿಯಲ್ಲಿ ಶರ್ಮಾ ಹೆಸರು ಮೆಚ್ಚುಗೆಯೊಂದಿಗೆ ಸೇರಿತು. ಅದೇ ಸೋಮನಾಥ ಶರ್ಮಾ 1947ರ ನವೆಂಬರ್ 3ರಂದು ಶ್ರೀನಗರದ ಬಳಿ ಬಡಗಾಮಿನಲ್ಲಿ, ಕೈಗೆ ಪ್ಲಾಸ್ಟರ್ ಹಾಕಿದ್ದರೂ ಕದನಕ್ಕಿಳಿದು ಮಡಿದರು. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಅವರದು. ಪಟಾಲಂ ಎಂದರೆ ಮನೆ ಎಂದು ತಿಳಿದ ಕಮಾಂಡರನ ಕೈಕೆಳಗೆ ಇಂಥ ಅಧಿಕಾರಿಗಳು ಬೆಳೆಯುತ್ತಾರೆ.

1945ರ ಜನವರಿಯಲ್ಲಿ ಅರಾಕಾನಿನ ಕಾಂಗಾವಿನಲ್ಲಿ ಕದನ. ಮೂರೂ ಪಟಾಲಮಿಗೆ ಭಾರತೀಯರೇ ಮುಖ್ಯಸ್ಥರಾಗಿದ್ದ ಬ್ರಿಗೇಡ್ ಒಂದು ಅಲ್ಲಿ ಕಾದಾಡಿತು. ತಿಮ್ಮಯ್ಯ, ಎಸ್.ಪಿ.ಪಿ. ಥೋರಾಟ್, ಎಲ್.ಪಿ. ಸೇನ್ ಮೂವರಿಗೂ ಡಿಎಸ್ಒ (ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್) ಪದಕ ಬಂತು. ಭಾರತೀಯರು ಆಜ್ಞೆ ಪಾಲಿಸಬಲ್ಲರು, ಆಜ್ಞೆ ಕೊಡಲಾರರು ಎಂಬ ಬಿಳಿಯರ ಹಳೆಯ ಮಾತಿಗೆ ಸಿಕ್ಕ ಉತ್ತರ ಅದು. ಕೆಲವು ತಿಂಗಳಲ್ಲೇ ತಿಮ್ಮಯ್ಯ ಬ್ರಿಗೇಡಿಯರ್. ಆ ವರ್ಷ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನಿಯರು ಶರಣಾದಾಗ ಭಾರತದ ಪ್ರತಿನಿಧಿಯಾಗಿ ಇದ್ದವರು ಅವರೇ.

ಸ್ವಾತಂತ್ರ್ಯ ಬಂದ ಬೆನ್ನಿಗೇ ಪಂಜಾಬಿನ ನಿರಾಶ್ರಿತರ ಹೊಣೆ, ಅದರ ಬೆನ್ನಿಗೆ ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ. 19ನೇ ಡಿವಿಷನ್ನಿನ ಮುಖ್ಯಸ್ಥರಾಗಿ ತಿಮ್ಮಯ್ಯ ಅಲ್ಲಿ ಮಾಡಿದ ಎರಡು ಕೆಲಸಗಳನ್ನು ಬಿಡಿಸಿ ಹೇಳಲೇಬೇಕು.

ಮೊದಲನೆಯದು ಲೇಹ್. 1948ರ ಬೇಸಿಗೆಯಲ್ಲಿ ಲಡಾಖ್ ಕೈಬಿಟ್ಟು ಹೋಗುವ ಹಂತದಲ್ಲಿತ್ತು. ಮೇಜರ್ ಪೃಥ್ವಿ ಚಂದ್ ನೇತೃತ್ವದ ಬೆರಳೆಣಿಕೆಯ ಸೈನಿಕರು ಚಳಿಗಾಲದ ಹಿಮದಲ್ಲೇ ಜೊಜಿ ಲಾ ದಾಟಿ ಲೇಹ್ ತಲುಪಿದ್ದರು. ಅವರಿಗೆ ನೆರವು ಕಳಿಸಲು ರಸ್ತೆ ಇರಲಿಲ್ಲ. ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರನ್ನು ಕಟ್ಟಿಕೊಂಡು ನದಿ ಬಯಲಿನಲ್ಲಿ ಒಂದು ಒರಟು ಓಡುಹಾದಿ ತಯಾರು ಮಾಡಿದರು. ಸಮುದ್ರಮಟ್ಟದಿಂದ ಹನ್ನೊಂದೂವರೆ ಸಾವಿರ ಅಡಿ ಎತ್ತರ. ಡಕೋಟಾ ವಿಮಾನ ಅಲ್ಲಿ ಇಳಿದ ಉದಾಹರಣೆಯೇ ಇರಲಿಲ್ಲ. ದಾರಿಯಲ್ಲಿ ಅದಕ್ಕಿಂತ ದುಪ್ಪಟ್ಟು ಎತ್ತರದ ಹಿಮಶಿಖರಗಳು. ಏರ್ ಕಮಡೋರ್ ಮೆಹರ್ ಸಿಂಗ್ ತಾವೇ ವಿಮಾನ ಹಾರಿಸುತ್ತೇನೆ ಎಂದರು. ಮೇ 24ರಂದು ಆ ಮೊದಲ ಹಾರಾಟದಲ್ಲಿ ಅವರ ಜೊತೆ ಹೋದವರು ಡಿವಿಷನ್ನಿನ ಮುಖ್ಯಸ್ಥ ತಿಮ್ಮಯ್ಯ. ಜನರಲ್ ಹುದ್ದೆಯವರು ಅಂಥ ವಿಮಾನ ಏರಬೇಕೆಂಬ ನಿಯಮ ಎಲ್ಲೂ ಇಲ್ಲ. ತನ್ನ ಜವಾನರನ್ನು ಯಾವ ವಿಮಾನದಲ್ಲಿ ಕೂರಿಸಬೇಕೋ ಅದರಲ್ಲಿ ಮೊದಲು ತಾನು ಕೂರಬೇಕು ಎಂಬ ನಿಯಮ ಅವರೊಳಗೇ ಇತ್ತು. ವಿಮಾನ ಇಳಿಯಿತು. ಅದರ ಹಿಂದೆಯೇ ಸೈನಿಕರು, ಮದ್ದುಗುಂಡು, ದಿನಸಿ ಹೋದವು. ಲೇಹ್ ಉಳಿಯಿತು.

ಎರಡನೆಯದು ಜೊಜಿ ಲಾ. ಆ ಕಣಿವೆಯ ಎತ್ತರದಲ್ಲಿ ಶತ್ರು ಗಟ್ಟಿಯಾಗಿ ಕೂತಿದ್ದ. ಕಾಲಾಳುಗಳ ದಾಳಿ ಫಲಿಸಲಿಲ್ಲ. ಟ್ಯಾಂಕ್ ತಂದರೆ ಹೇಗೆ? ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿಸಿದ ಸುದ್ದಿಯನ್ನೇ ಯಾರೂ ಕೇಳಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಮೈ ಮುಚ್ಚಿ, ಗೂಢಚಾರರಿಗೆ ಸುಳಿವು ಸಿಗದಂತೆ ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ಸಾಗಿಸಿದರು. ಅಲ್ಲಿಂದ ಬಾಲ್ತಾಲ್‌ಗೆ. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಗಳು ಹೋಗುವ ಕಾಲುಹಾದಿ ಮಾತ್ರ. ಅದನ್ನು ಕಡಿದು, ಬಂಡೆ ಸಿಡಿಸಿ, ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಈಗಲೂ ಕೇಂದ್ರವಿರುವ ಅದೇ ಸ್ಯಾಪರ್ಸ್ ಪಡೆ. ತಂಬಿಗಳು ಎಂದು ಪ್ರೀತಿಯಿಂದ ಕರೆಸಿಕೊಳ್ಳುವ ದಕ್ಷಿಣದ ಹುಡುಗರು, ಮೇಲಿನಿಂದ ಗುಂಡು ಬೀಳುತ್ತಿರುವಾಗ, ಬೆರಳು ಸೆಟೆಯುವ ಚಳಿಯಲ್ಲಿ ಆ ದಾರಿ ಮಾಡಿದರು. 1948ರ ನವೆಂಬರ್ 1ರಂದು ಮಂಜು ತುಸು ಸರಿದ ಹೊತ್ತಿಗೆ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ ಇದ್ದರು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಮರಳಿ ನಮ್ಮ ಕೈಸೇರಿ, ಲೇಹ್‌ಗೆ ನೆಲದ ದಾರಿ ತೆರೆಯಿತು.

ಈ ಗೆಲುವಿನ ಕಥೆ ಹೇಳುವಾಗ ಒಂದು ಮಾತು ಬಿಟ್ಟುಹೋಗುತ್ತದೆ. ಅದೇ ಜಮ್ಮು ಮತ್ತು ಕಾಶ್ಮೀರದ ಕಾರ್ಯಾಚರಣೆಯಲ್ಲಿ ತಿಮ್ಮಯ್ಯನವರ ತಮ್ಮ ಸೋಮಯ್ಯ ನೆಲಬಾಂಬ್ ಅವಘಡದಲ್ಲಿ ತೀರಿಕೊಂಡರು. ಸೀತಮ್ಮನ ಮೂವರಲ್ಲಿ ಕಿರಿಯವರು. ಅಣ್ಣ ಗೆದ್ದ ಯುದ್ಧದಲ್ಲೇ ತಮ್ಮನ ಜೀವ ಹೋಯಿತು. ಅದೆಷ್ಟು ತಾಯಂದಿರಿಗೆ ಮಗ ಸತ್ತ ಸುದ್ದಿಯ ಕಾಗದವನ್ನು ಒಬ್ಬ ಸೇನಾನಿ ಬರೆಯಬೇಕಾಗುತ್ತದೆ! ಅಂಥ ಕಾಗದ ಯಾವ ಬಗೆಯ ಮನೆಯ ಬಾಗಿಲಿಗೆ ಹೋಗುತ್ತದೆ, ಅದನ್ನು ಓದುವ ಕೈ ಯಾರದು ಎಂಬುದು ತಿಮ್ಮಯ್ಯನವರಿಗೆ ಗೊತ್ತಿತ್ತು. ಅವರ ಕೈಕೆಳಗೆ ದುಡಿದವರು ಅವರ ನಗು, ಸಲಿಗೆ, ಸಿಪಾಯಿಯ ಜೊತೆ ನೆಲದಲ್ಲಿ ಕೂತು ಮಾತಾಡುವ ಗುಣವನ್ನು ಬಾಯ್ತುಂಬ ಹೊಗಳುತ್ತಿದ್ದರು. ಆ ಸಲಿಗೆಯ ಹಿಂದೆ ಈ ನೋವಿಗೂ ಪಾಲು ಇತ್ತೆಂದು ನನಗೆ ತೋರುತ್ತದೆ.

1953ರಲ್ಲಿ ಕೊರಿಯಾ. ಯುದ್ಧ ನಿಂತಿತ್ತು, ಆದರೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಾಯ್ನಾಡಿಗೆ ಮರಳಲು ಒಪ್ಪುತ್ತಿರಲಿಲ್ಲ. ಚೀನಾ, ಉತ್ತರ ಕೊರಿಯಾದ ವಶದಲ್ಲಿದ್ದವರಲ್ಲೂ ಮರಳಲೊಲ್ಲದ ಕೆಲವು ನೂರು ಕೈದಿಗಳಿದ್ದರು. ಅವರೆಲ್ಲರ ವಿಚಾರ ಇತ್ಯರ್ಥ ಮಾಡಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ಭಾರತದ ಪಡೆ, ಅದರ ಮುಖ್ಯಸ್ಥ ಕಾಂಗಾವಿನ ಹಳೆಯ ಸಂಗಾತಿ ಥೋರಾಟ್. ಕೈದಿಯನ್ನು ಒಂದು ಡೇರೆಯೊಳಗೆ ಕರೆತಂದು ಅವನ ದೇಶದ ಪ್ರತಿನಿಧಿಗಳು ಮಾತಾಡಿಸುತ್ತಿದ್ದರು. ಡೇರೆಗೆ ಹೊರಹೋಗುವ ಬಾಗಿಲು ಎರಡು. ಒಂದರಿಂದ ಹೊರಟರೆ ಊರಿಗೆ, ಇನ್ನೊಂದರಿಂದ ಹೊರಟರೆ ಊರು ಬಿಟ್ಟಂತೆ. ಎರಡು ಕಡೆಯ ಸರ್ಕಾರಗಳೂ ಒತ್ತಡ ಹಾಕುತ್ತಿದ್ದವು. ಶಿಬಿರಗಳೊಳಗೇ ಗುಂಪುಗಳಿದ್ದು ಬಡಿದಾಟ, ಕೊಲೆಗಳೂ ನಡೆದವು. ಡೇರೆಗೆ ಬರಲು ಒಪ್ಪದವರನ್ನು ಬಲವಂತದಿಂದ ಎಳೆತರಲು ಭಾರತ ಒಪ್ಪಲಿಲ್ಲ. ಮನೆಗೆ ಹೋಗುವುದೋ ಬೇಡವೋ ಎಂಬುದನ್ನು ಬಂದೂಕಿನ ತುದಿಯಲ್ಲಿ ತೀರ್ಮಾನಿಸಬಾರದು ಎಂಬಲ್ಲಿ ತಿಮ್ಮಯ್ಯ ಕದಲಲಿಲ್ಲ. ಕೊನೆಗೆ ಯಾವ ಕಡೆಯೂ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತದ ಪಡೆಯ ಜೊತೆ ಹಡಗಿನಲ್ಲಿ ಭಾರತಕ್ಕೇ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಕೊಟ್ಟರು. ಆ ದಿನಗಳ ಬಗ್ಗೆ ಅವರು ಬರೆದ ಪುಸ್ತಕ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ ಪ್ರಕಟವಾಯಿತು.

1957ರಲ್ಲಿ ಸೇನೆಯ ಮುಖ್ಯಸ್ಥರಾದರು. ಅವರಿಗಿಂತ ಮೊದಲು ಆ ಹುದ್ದೆ ಕಂಡ ಕೆ.ಎಂ. ಕಾರ್ಯಪ್ಪ ಕೂಡ ಇದೇ ಕೊಡಂದೇರ ಒಕ್ಕದವರು, ಅಂದರೆ ಇದೇ ಮನೆತನದವರು. ಪುಟ್ಟ ಕೊಡಗಿನ ಒಂದೇ ಒಕ್ಕ ಸ್ವತಂತ್ರ ಭಾರತದ ಮೊದಲ ದಶಕದಲ್ಲೇ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟಿತು.

1959ರ ಆಗಸ್ಟ್ 31ರ ರಾಜೀನಾಮೆಯ ವಿಷಯ ಹಲವರಿಗೆ ಗೊತ್ತು. ರಕ್ಷಣಾ ಸಚಿವ ಕೃಷ್ಣ ಮೆನನ್ ಬಡ್ತಿಯಂಥ ವಿಷಯಗಳಲ್ಲೂ ತಲೆಹಾಕುತ್ತಿದ್ದುದು, ಸೇನೆಯ ಮಾತಿಗೆ ಬೆಲೆ ಸಿಗದಿದ್ದುದು ಕಾರಣ. ನೆಹರೂ ಕರೆದು ಮಾತಾಡಿದರು, ತಿಮ್ಮಯ್ಯ ರಾಜೀನಾಮೆ ಹಿಂದಕ್ಕೆ ಪಡೆದರು. ಎರಡೇ ದಿನದಲ್ಲಿ ನೆಹರೂ ಸಂಸತ್ತಿನಲ್ಲಿ ಸಚಿವರ ಪರ ನಿಂತರು. ಹಿಂದಕ್ಕೆ ಪಡೆಯಬಾರದಿತ್ತು ಎಂದು ಇಂದಿಗೂ ವಾದಿಸುವವರಿದ್ದಾರೆ. ಪ್ರಧಾನಿಯೇ ಕೇಳಿಕೊಂಡಾಗ ಜಗಳ ಮುಂದುವರಿಸದೆ ಸುಮ್ಮನಾದ ಅವರನ್ನು ದುರ್ಬಲರೆನ್ನಲು ನನಗೆ ಮನಸ್ಸು ಬಾರದು. ಚುನಾಯಿತ ಸರ್ಕಾರದ ಮೇಲೆ ಸೇನೆ ಕೈ ಎತ್ತುವುದನ್ನು ನೆರೆಯ ದೇಶ ಹಿಂದಿನ ವರ್ಷವಷ್ಟೇ ಕಂಡಿತ್ತು. ಆದರೆ ಚೀನಾ ಬಗೆಗಿನ ಅವರ ಎಚ್ಚರಿಕೆಗೆ ಕಿವಿಗೊಡದೆ ಹೋದದ್ದಕ್ಕೆ ದೇಶ ಬೆಲೆ ತೆತ್ತಿತು. 1961ರ ಮೇ ತಿಂಗಳಲ್ಲಿ ನಿವೃತ್ತರಾದ ಅವರು ಮರುವರ್ಷ ಜುಲೈಯಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ, ಚೀನಾವನ್ನು ಭಾರತ ಒಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂದು ಬರೆದರು. ಅಕ್ಟೋಬರಿನಲ್ಲಿ ಚೀನಾ ಗಡಿ ದಾಟಿತು.

ನಿವೃತ್ತಿಯ ನಂತರ ಕೊಡಗಿಗೆ ಮರಳಿದರು. ಗಂಡನ ವರ್ಗಾವಣೆಗಳ ಹಿಂದೆ ಕ್ವೆಟ್ಟಾ, ಮದರಾಸು, ಸಿಂಗಪುರ ಎಂದು ಊರೂರು ಅಲೆದಿದ್ದ ನೀನಾ ಅವರಿಗೂ ಇದು ತಮ್ಮದೇ ನೆಲ. ಸೇನೆಯವರ ಸಂಸಾರ ಬಲ್ಲವರಿಗೆ ಗೊತ್ತು: ನಿವೃತ್ತಿಯ ಮೇಲೆ ಗಂಡಹೆಂಡತಿ ಒಂದೇ ಸೂರಿನಡಿ ಎರಡು ಮಳೆಗಾಲ ಕಳೆದರೆ ಅದೇ ದೊಡ್ಡದು. ಆ ನೆಮ್ಮದಿಯೂ ಹೆಚ್ಚು ದಿನ ಸಿಗಲಿಲ್ಲ. 1964ರ ಜುಲೈಯಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆ ಶಾಂತಿಪಡೆಯ ಹೊಣೆ ಬಂತು. ಗ್ರೀಕರು, ತುರ್ಕರು ಒಬ್ಬರ ಊರಿಗೆ ಇನ್ನೊಬ್ಬರು ಬೆಂಕಿಯಿಡುತ್ತಿದ್ದ ಕಾಲ. ಬೇಡ ಎನ್ನಲು ಅವರಿಗೆ ಎಲ್ಲ ಕಾರಣಗಳೂ ಇದ್ದವು. ಹೋದರು. ಹೋದ ಮುಂದಿನ ತಿಂಗಳೇ ತುರ್ಕಿಯ ಯುದ್ಧವಿಮಾನಗಳು ದ್ವೀಪದ ಮೇಲೆ ಬಾಂಬ್ ಹಾಕಿದವು. ಎರಡೂ ಕಡೆಯವರ ನಡುವೆ ಓಡಾಡುತ್ತ, ಇಬ್ಬರ ಮಾತನ್ನೂ ಕೇಳುತ್ತ, ಇಬ್ಬರ ನಂಬಿಕೆಯನ್ನೂ ಗಳಿಸಿದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ, ಹೃದಯಾಘಾತವಾಯಿತು. ವಯಸ್ಸು ಐವತ್ತೊಂಬತ್ತು.

ದೇಹವನ್ನು ಬೆಂಗಳೂರಿಗೆ ತಂದು ವಿಲ್ಸನ್ ಗಾರ್ಡನ್ನಿನ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾ ಪಟ್ಟಣದ ಒಂದು ಬೀದಿಗೆ ಅವರ ಹೆಸರಿದೆ. ಬೆಂಗಳೂರಿನಲ್ಲೂ ಇದೆ. ರಿಚ್‌ಮಂಡ್ ರಸ್ತೆಯ ಅಧಿಕೃತ ಹೆಸರು ಜನರಲ್ ಕೆ.ಎಸ್. ತಿಮ್ಮಯ್ಯ ರಸ್ತೆ. ಆದರೆ ಆಟೊದವರಿಗೆ, ಅಂಗಡಿಯವರಿಗೆ, ಮನೆಗೆ ವಿಳಾಸ ಹೇಳುವ ನಮಗೆ ಅದು ಇನ್ನೂ ರಿಚ್‌ಮಂಡ್ ರಸ್ತೆಯೇ. ಅಲ್ಲಿನ ಅಂಗಡಿ ಬೋರ್ಡುಗಳಲ್ಲಿ, ಮದುವೆ ಕಾಗದಗಳಲ್ಲಿ, ನಕ್ಷೆಗಳಲ್ಲಿ ತಿಮ್ಮಯ್ಯ ರಸ್ತೆ ಎಂದೇ ಬರೆಯಲು ಶುರುಮಾಡೋಣ. ಮಕ್ಕಳು ಅದು ಯಾರ ಹೆಸರೆಂದು ಕೇಳಿದಾಗ ಸೀತಮ್ಮನಿಂದಲೇ ಕಥೆ ಆರಂಭಿಸೋಣ.